ಕಸ, ಮಳೆನೀರು, ತಾರಸಿ ತೋಟ: ಬೆಂಗಳೂರಿನ ಮನೆಗಳಲ್ಲಿ ಮೂರು ದಶಕದ ಯತ್ನಗಳು

ಬೆಂಗಳೂರಿನಲ್ಲಿ ಮನೆಮಟ್ಟದ ಪರಿಸರ ಚಟುವಟಿಕೆ ಒಂದೇ ಚಳವಳಿಯಾಗಿ ಹುಟ್ಟಿದ್ದಲ್ಲ. ಕಸ ಬೇರ್ಪಡಿಸುವುದು, ಅಡುಗೆಮನೆಯ ಸಿಪ್ಪೆಯನ್ನು ಗೊಬ್ಬರ ಮಾಡುವುದು, ಚಾವಣಿಯ ಮಳೆನೀರು ಹಿಡಿಯುವುದು, ತಾರಸಿಯಲ್ಲಿ ತರಕಾರಿ ಬೆಳೆಯುವುದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಂದ ಶುರುವಾದವು. 2010ರ ಆಸುಪಾಸಿನಲ್ಲಿ ಒಂದರೊಡನೆ ಒಂದು ಕೂಡಿಕೊಂಡವು. ಹಿತ್ತಲು, ತಿಪ್ಪೆ, ಬಚ್ಚಲ ನೀರು ಹರಿಯುವ ಬಾಳೆಯ ಬುಡ ಇದ್ದ ಕಾಲಕ್ಕೆ ಇದ್ಯಾವುದಕ್ಕೂ ಅಭಿಯಾನ ಬೇಕಿರಲಿಲ್ಲ. ಮೂವತ್ತು–ನಲವತ್ತರ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಎದ್ದಾಗ ಹಿತ್ತಲು ಮಾಯವಾಯಿತು. ಅದು ಮಾಡುತ್ತಿದ್ದ ಕೆಲಸವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಉಳಿಯಿತು.

ಮೊದಲು ಉತ್ತರ ಹುಡುಕಿದ್ದು ಸರ್ಕಾರ. ನಗರದ ಕಸವನ್ನು ಗೊಬ್ಬರ ಮಾಡಲೆಂದು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲೇ ಹುಟ್ಟಿತು. ಆದರೆ ಅಲ್ಲಿಗೆ ಬರುತ್ತಿದ್ದದ್ದು ಕಲಸಿದ ಕಸ. ಗಾಜಿನ ಚೂರು, ಬ್ಯಾಟರಿ, ಪ್ಲಾಸ್ಟಿಕ್ ಬೆರೆತ ರಾಶಿಯಿಂದ ಒಳ್ಳೆಯ ಗೊಬ್ಬರ ತೆಗೆಯುವುದು ಯಾವ ಯಂತ್ರಕ್ಕೂ ಸುಲಭವಲ್ಲ. ಬೇರ್ಪಡಿಸುವ ಕೆಲಸ ಮನೆಯೊಳಗೇ ಆಗಬೇಕೆಂಬ ಮಾತು ಗಟ್ಟಿಯಾಗಿ ಕೇಳಿಸಿದ್ದು 1990ರ ದಶಕದಲ್ಲಿ. ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. ನಿಯಮ ಕಾಗದದಲ್ಲಿತ್ತು, ಬೀದಿಯಲ್ಲಿ ಕಸದ ತೊಟ್ಟಿ ಹಾಗೆಯೇ ಇತ್ತು.

ಮನೆಯೊಳಗಿನ ತೊಡಕು ನಿಜಕ್ಕೂ ಸಣ್ಣದು: ನಾತ ಮತ್ತು ಹುಳ. 2006ರಲ್ಲಿ ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ ಬೆಂಗಳೂರಿನಲ್ಲಿ ಶುರುಮಾಡಿದ ಡೈಲಿ ಡಂಪ್ ಇದನ್ನು ಹಿಡಿದೇ ಕೆಲಸಕ್ಕಿಳಿಯಿತು. ಅದರ ‘ಕಂಬ’ ಎಂದರೆ ಒಂದರ ಮೇಲೊಂದು ಕೂರುವ ಮೂರು ಸುಟ್ಟಮಣ್ಣಿನ ಮಡಕೆಗಳು. ಸಿಪ್ಪೆ, ಚರಟ, ಅಳಿದುಳಿದ ಅನ್ನವನ್ನೆಲ್ಲ ಮೇಲಿನ ಮಡಕೆಗೆ ಹಾಕಿ, ಪ್ರತಿ ಸಲವೂ ತೆಂಗಿನ ನಾರಿನ ಪುಡಿಯನ್ನೋ ಒಣ ಎಲೆಯನ್ನೋ ಉದುರಿಸಬೇಕು. ತುಂಬಿದ ಮಡಕೆ ಕೆಳಗಿಳಿಯುತ್ತದೆ, ಖಾಲಿಯದು ಮೇಲೇರುತ್ತದೆ. ಎರಡು ಮೂರು ತಿಂಗಳಲ್ಲಿ ತಳದ ಮಡಕೆಯಲ್ಲಿ ಕಪ್ಪಗಿನ, ಮಳೆಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಇದರ ಲೆಕ್ಕಾಚಾರ ಸರಳ. ಹಸಿ ಕಸದಲ್ಲಿ ಸಾರಜನಕವೂ ನೀರೂ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಇಂಗಾಲ ಸಾರಜನಕದ ಸುಮಾರು ಮೂವತ್ತು ಪಟ್ಟು ಇದ್ದು ಗಾಳಿಯೂ ಆಡಿದರೆ ಕೊಳೆಯುವಿಕೆ ನಾತವಿಲ್ಲದೆ ಸಾಗುತ್ತದೆ. ಒಣ ಪದಾರ್ಥ ಕಡಿಮೆಯಾದರೆ ರಾಶಿ ಕೆಸರಾಗಿ ಗಬ್ಬೆನ್ನುತ್ತದೆ. ಹೊಸಬರು ಕಂಡು ಬೆಚ್ಚುವ ದಪ್ಪ ಹುಳಗಳು ಬಹುಪಾಲು ಕಪ್ಪು ಸೈನಿಕ ನೊಣದ ಮರಿಗಳು. ಕಸ ತಿಂದು ಕರಗಿಸುವ ಅವುಗಳಿಂದ ಕೇಡಿಲ್ಲ. ಇಂಥದ್ದನ್ನು ಕೈಪಿಡಿ ಓದಿ ಕಲಿತವರಿಗಿಂತ ಪಕ್ಕದ ಮನೆಯವರನ್ನು ಕೇಳಿ ಕಲಿತವರೇ ಹೆಚ್ಚು. ಮುಂದೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ತೆರೆದ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಹಲವು ಬಗೆಯ ಗೊಬ್ಬರದ ಡಬ್ಬಗಳನ್ನು ಒಂದೆಡೆ ಇಟ್ಟು ತೋರಿಸಿದ್ದೂ ಇದೇ ಕಾರಣಕ್ಕೆ.

ಬಿಡಿ ಮನೆಗಳ ಉತ್ಸಾಹಕ್ಕೆ ಸಂಘಟನೆಯ ಬಲ ಬಂದದ್ದು 2009ರಲ್ಲಿ. ನಾನಾ ಬಡಾವಣೆಗಳ ಕಾರ್ಯಕರ್ತರು ಸೇರಿ ಘನತ್ಯಾಜ್ಯ ನಿರ್ವಹಣಾ ದುಂಡುಮೇಜಿನ ಬಳಗ ಕಟ್ಟಿದರು. ಅದರ ಬೆನ್ನಲ್ಲೇ ಚಿಂದಿ ಆಯುವವರ ಬದುಕನ್ನು ಕೇಂದ್ರದಲ್ಲಿಟ್ಟು ಹಸಿರು ದಳ ಬೆಳೆಯಿತು. 2011ರಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು. ಒಣ ಕಸ ಎಷ್ಟು ಬಗೆ, ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ ಎಂಬುದು ಮೊದಲಿಂದಲೂ ಗೊತ್ತಿದ್ದದ್ದು ಅವರಿಗೇ. ಬೇರ್ಪಡಿಸಿದ ಒಣ ಕಸಕ್ಕೆ ವಾರ್ಡಿನಲ್ಲಿ ಸಂಗ್ರಹಣಾ ಕೇಂದ್ರ, ಅಲ್ಲಿ ಇವರ ಕೈ, ಈ ಜೋಡಣೆ ಆಗದಿದ್ದರೆ ಮನೆಯವರು ಬೇರ್ಪಡಿಸಿದ್ದು ಲಾರಿಯಲ್ಲಿ ಮತ್ತೆ ಕಲಸಿಹೋಗುತ್ತಿತ್ತು. ಹಾಗೆ ಕಲಸಿಹೋದ ಬೀದಿಗಳೂ ಕಡಿಮೆಯೇನಿರಲಿಲ್ಲ.

ಆದರೂ ನಗರ ಎಚ್ಚೆತ್ತುಕೊಂಡದ್ದು ಹಳ್ಳಿಗಳು ಬಾಗಿಲು ಹಾಕಿದ ಮೇಲೆ. ಯಲಹಂಕದಾಚೆಯ ಮಾವಳ್ಳಿಪುರದ ಭೂಭರ್ತಿ 2012ರಲ್ಲಿ ನಿಂತಿತು. ಬೀದಿ ಬೀದಿಯಲ್ಲಿ ಕಸ ರಾಶಿ ಬಿತ್ತು. ಆ ವರ್ಷ ಅಕ್ಟೋಬರ್ 1ರಿಂದ ಮೂಲದಲ್ಲೇ ಬೇರ್ಪಡಿಸುವುದು ಕಡ್ಡಾಯವಾಯಿತು. ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕಸವನ್ನು ತಾವೇ ನೋಡಿಕೊಳ್ಳಬೇಕೆಂಬ ನಿಯಮವೂ ಬಂತು. 2014ರಲ್ಲಿ ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತರು, ವರ್ಷದ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು. ಊರಿನ ಕಸ ಊರಲ್ಲೇ ಉಳಿಯಲಿ ಎಂಬ ಆ ಹಟವನ್ನು ಬೆಂಗಳೂರಿನ ಪರಿಸರ ಚರಿತ್ರೆಯಲ್ಲಿ ಎಷ್ಟು ದೊಡ್ಡದಾಗಿ ಬರೆದರೂ ಹೆಚ್ಚಲ್ಲ. ದುಂಡುಮೇಜಿನ ಬಳಗ ಮುಂದಿಟ್ಟ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡು–ಡೈಪರಿನಂಥ ತಿರಸ್ಕೃತ ಕಸ, ಚೀಲಕ್ಕೆ ಒಣ ಕಸ. ಮರುವರ್ಷದ ಕೇಂದ್ರ ನಿಯಮಗಳೂ ಮೂರು ಬಗೆಯ ವಿಂಗಡಣೆಯನ್ನೇ ಹೇಳಿದವು. ಕೆಂಪು ಬುಟ್ಟಿಯನ್ನು ಹಗುರ ಮಾಡುವ ಯೋಚನೆಯಿಂದ ಬಟ್ಟೆಯ ಪ್ಯಾಡು, ಮುಟ್ಟಿನ ಕಪ್‌ಗಳ ಪ್ರಚಾರವೂ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಎರವಲು ಕೊಡುವ ತಟ್ಟೆ ಬ್ಯಾಂಕುಗಳೂ ಬಂದವು.

ನೀರಿನ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ಊರಿನಲ್ಲಿ ವರ್ಷಕ್ಕೆ ಸರಿಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ನೂರು ಚದರ ಮೀಟರ್ ಚಾವಣಿಯ ಮೇಲೆ ಬೀಳುವುದೇ 97,000 ಲೀಟರ್. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆ ‘ಸೌರಭ’ವನ್ನು ಮಳೆನೀರಿನಲ್ಲೇ ನಡೆಸಿ ಈ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಬೈಯೋಮ್ ಸಂಸ್ಥೆಯ ಎಸ್. ವಿಶ್ವನಾಥ್ ಮತ್ತು ಸಂಗಾತಿಗಳು ತೆರೆದ ಬಾವಿ, ಇಂಗುಬಾವಿಗಳ ಕಡೆ ಗಮನ ಸೆಳೆದರು. ಕನ್ನಡದ ಓದುಗರಿಗೆ ನೆಲಜಲದ ವಿವರವನ್ನು ಸರಳವಾಗಿ ತಲುಪಿಸಿದವರಲ್ಲಿ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಮುಖ್ಯರು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ ನಿರ್ದಿಷ್ಟ ಅಳತೆ ಮೀರಿದ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಜಯನಗರದಲ್ಲಿ ಇದನ್ನು ತೋರಿಸಿಕೊಡುವ ಉದ್ಯಾನವೂ ಬಂತು. ಆದರೂ ದಂಡ ತೆತ್ತು ಸುಮ್ಮನಿದ್ದವರು ಧಾರಾಳ. ಬೈಯೋಮ್ ಸಂಸ್ಥೆಯ ‘ಹತ್ತು ಲಕ್ಷ ಬಾವಿ’ ಅಭಿಯಾನ ಇನ್ನೊಂದು ದಾರಿ ಹಿಡಿದು, ತಲೆತಲಾಂತರದಿಂದ ಬಾವಿ ತೋಡುತ್ತಿದ್ದ ಮಣ್ಣು ವಡ್ಡರ ಕಸುಬಿಗೆ ಇಂಗುಬಾವಿಗಳ ಮೂಲಕ ಮತ್ತೆ ಗಿರಾಕಿ ತಂದಿತು.

ತಾರಸಿ ತೋಟ ಇವೆರಡಕ್ಕೂ ಕೊಂಡಿ. ಮಡಕೆಯ ಗೊಬ್ಬರಕ್ಕೂ ಸಂಪಿನ ಮಳೆನೀರಿಗೂ ಮನೆಯಲ್ಲೇ ಬಳಕೆ ಸಿಕ್ಕಿದ್ದು ಇಲ್ಲಿ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಕೊಟ್ಟ ತರಬೇತಿಯಿಂದ ಸಾವಯವ ತಾರಸಿ ಕೃಷಿ ನಗರದಲ್ಲಿ ಬೇರೂರಿತು. 2011ರಲ್ಲಿ ಶುರುವಾದ ‘ಊಟ ಫ್ರಂ ಯುವರ್ ತೋಟ’ ಕೂಟಗಳಲ್ಲಿ ಬೀಜ ಕೊಟ್ಟು ತೆಗೆದುಕೊಳ್ಳುವ ಪರಿಪಾಠ ಬೆಳೆಯಿತು. ಚಪ್ಪರದವರೆ, ಬಸಳೆ, ದಂಟು, ದೊಡ್ಡಪತ್ರೆ ಹಗುರ ಗ್ರೋ ಬ್ಯಾಗಿನಲ್ಲಿ ಚೆನ್ನಾಗಿ ಬರುತ್ತವೆ. ಮನೆಯ ತರಕಾರಿಯೆಲ್ಲ ತಾರಸಿಯಲ್ಲೇ ಆಗುತ್ತದೆಂಬುದು ಮಾತ್ರ ಉತ್ಪ್ರೇಕ್ಷೆ. ಸೊಪ್ಪು, ಮೆಣಸಿನಕಾಯಿಗೆ ಕೊರತೆಯಾಗದಿದ್ದರೆ ಅದೇ ದೊಡ್ಡದು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ನಲ್ಲಿಗೆ ಏರೇಟರ್ ಕೂರಿಸುವುದು, ಸಂಸ್ಕರಿಸಿದ ನೀರನ್ನು ಗಿಡಕ್ಕೆ ಬಿಡುವುದು ಅಪಾರ್ಟ್‌ಮೆಂಟ್ ಸಂಘಗಳ ಸಭೆಯ ಮಾತಾಯಿತು. ಸಂಘವಿದ್ದಲ್ಲಿ ಹೀಗೆ ಕೆಲಸ ನಡೆಯುತ್ತದೆ, ಸ್ವಂತ ತಾರಸಿಯಿದ್ದಲ್ಲೂ ನಡೆಯುತ್ತದೆ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ವಠಾರದಲ್ಲಿ, ಪಿ.ಜಿ.ಯಲ್ಲಿ ಮೂರು ಮಡಕೆ ಇಡಲೂ ಜಾಗವಿಲ್ಲ. ಟಿಪ್ಪರ್ ಬರುವ ಮೊದಲೇ ಅಲ್ಲಿನವರು ಕೆಲಸಕ್ಕೆ ಹೊರಟಿರುತ್ತಾರೆ, ಕಸದ ಚೀಲ ಬೀದಿಯ ಮೂಲೆ ಸೇರುತ್ತದೆ. ತಪ್ಪು ಅವರ ತಲೆಗೆ ಬರುತ್ತದೆ. ಸೌಕರ್ಯ ಅವರ ಬಾಗಿಲಿಗೆ ಬಂದಿಲ್ಲ. ಉದ್ಯಾನಗಳ ಎಲೆಗೊಬ್ಬರದ ತೊಟ್ಟಿಗಳಂತೆ ಬೀದಿಗೊಂದು ಸಾಮೂಹಿಕ ಗೊಬ್ಬರದ ವ್ಯವಸ್ಥೆ, ಸಂಜೆಯಲ್ಲೂ ಬರುವ ಗಾಡಿ, ಬಾಡಿಗೆದಾರರೂ ಬಳಸಬಹುದಾದ ಹಂಚಿಕೆಯ ತಾರಸಿ, ಈ ಕ್ಷೇತ್ರದಲ್ಲಿ ಇನ್ನೂ ಕೈಹಾಕಬೇಕಾದ ಕೆಲಸ ಬಹುಪಾಲು ಇಂಥವೇ.