ಕಪ್ತಾನನ ಹೊಣೆ, ಮಾಲೀಕನ ವಿನಾಯಿತಿ: ‘ಕೊಂಟೆ ಬಿಯಾಂಕಮಾನೊ’ ತೀರ್ಪಿನ ಮರು ಓದು

ನಡುಗಡಲಲ್ಲಿ ಕೆಟ್ಟು ನಿಂತ ಸಣ್ಣ ದೋಣಿಯನ್ನು ಕಂಡ ಪ್ರಯಾಣಿಕರ ಹಡಗು ನಿಲ್ಲಲೇಬೇಕೆ ಎಂಬ ಪ್ರಶ್ನೆಗೆ ಕಡಲ ಕಾನೂನಿನ ಚರಿತ್ರೆ ಬರೆದವರು ಕೊಡುತ್ತ ಬಂದಿರುವ ಉತ್ತರಕ್ಕೆ ಎರಡು ಆಧಾರಗಳಿವೆ. ಟೈಟಾನಿಕ್ ಮುಳುಗಿದ ಮೇಲೆ ಜಗತ್ತಿಗೆ ಬುದ್ಧಿ ಬಂದು ನೆರವಿನ ಕರ್ತವ್ಯ ಹುಟ್ಟಿತು ಎಂಬುದು ಒಂದು. ಹಾಗೆ ಹುಟ್ಟಿದ ಕರ್ತವ್ಯವೂ ಹಲ್ಲಿಲ್ಲದ್ದು, 1934ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಅದನ್ನು ತೋರಿಸಿಕೊಟ್ಟಿತು ಎಂಬುದು ಇನ್ನೊಂದು. ಮೊದಲನೆಯದನ್ನು ತಾರೀಖುಗಳೇ ಸುಳ್ಳಾಗಿಸುತ್ತವೆ. ಅದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಎರಡನೆಯದು ಹಾಗಲ್ಲ. ಒಂದು ತೀರ್ಪನ್ನು ಪೂರ್ತಿ ಓದದೆ, ಅದರ ಫಲಿತಾಂಶವನ್ನಷ್ಟೇ ಒಬ್ಬರಿಂದ ಒಬ್ಬರು ಎತ್ತಿಕೊಂಡು ಬಂದದ್ದರಿಂದ ಬೆಳೆದ ತಪ್ಪು ಅದು. ಇಂದಿನ ಕ್ರೂಸ್ ಹಡಗುಗಳು ಹಾಯಿದೋಣಿಗಳ ನಾವಿಕರನ್ನು ಎತ್ತಿಕೊಂಡಾಗ ಅದನ್ನು ಕಂಪನಿಗಳ ಔದಾರ್ಯವೆಂದು, ಇಲ್ಲವೇ ಪ್ರಚಾರದ ಕೆಲಸವೆಂದು ಬರೆಯುವ ಅಭ್ಯಾಸಕ್ಕೂ ಈ ತಪ್ಪೇ ಮೂಲ.

ಮೊದಲು ತಾರೀಖುಗಳು. ಕಡಲ ನೆರವು ಮತ್ತು ಸಾಲ್ವೇಜ್ ಕುರಿತ ಬ್ರಸೆಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1910ರ ಸೆಪ್ಟೆಂಬರ್ 23ರಂದು. ಅದನ್ನು ಒಳಗೊಂಡ ಬ್ರಿಟನ್ನಿನ ಮ್ಯಾರಿಟೈಮ್ ಕನ್ವೆನ್ಶನ್ಸ್ ಕಾಯಿದೆಗೆ 1911ರ ಡಿಸೆಂಬರ್‌ನಲ್ಲಿ ಅಂಗೀಕಾರ ಸಿಕ್ಕಿತು. ಟೈಟಾನಿಕ್ ಮುಳುಗಿದ್ದು 1912ರ ಏಪ್ರಿಲ್ 15ರಂದು. ಅಂದರೆ ಟೈಟಾನಿಕ್‌ನ ಸಮೀಪದಲ್ಲಿದ್ದ ‘ಕ್ಯಾಲಿಫೋರ್ನಿಯನ್’ ಹಡಗಿನ ಕಪ್ತಾನ ಸ್ಟ್ಯಾನ್ಲಿ ಲಾರ್ಡ್ ಆ ರಾತ್ರಿ ಏನು ಮಾಡಿದ, ಏನು ಮಾಡಲಿಲ್ಲ ಎಂಬ ವಿವಾದ ಎದ್ದಾಗ ಕರ್ತವ್ಯ ಆಗಲೇ ಕಾಯಿದೆಯಲ್ಲಿತ್ತು. ಟೈಟಾನಿಕ್ ಕೊಟ್ಟದ್ದು ಬೇರೆ: ದೂರದಿಂದ ಬಂದ ನಿಸ್ತಂತು ಕರೆಯನ್ನು ಕೇಳಿದವನೂ ಹೊರಡಬೇಕೆಂಬ ನಿಯಮ. ಕಡಲಲ್ಲಿ ಜೀವರಕ್ಷಣೆ ಕುರಿತ 1914ರ ಸೋಲಾಸ್ ಒಪ್ಪಂದದಲ್ಲಿ ಅದು ಬಂತು. ಮಹಾಯುದ್ಧದಿಂದಾಗಿ ಆ ಒಪ್ಪಂದ ಜಾರಿಯಾಗಲಿಲ್ಲ; ನಿಯಮ ನೆಲೆಗೊಂಡದ್ದು 1929ರ ಸೋಲಾಸ್‌ನಿಂದ. ಕಣ್ಣಿಗೆ ಬಿದ್ದವನನ್ನು ಕಾಪಾಡುವುದು, ಕಿವಿಗೆ ಬಿದ್ದ ಕರೆಗೆ ಓಡುವುದು ಎಂಬ ಈ ಎರಡು ಎಳೆಗಳನ್ನು ಬೇರೆಬೇರೆಯಾಗಿ ಹಿಡಿಯದೆ ಬರೆದ ಚರಿತ್ರೆ ದಾರಿ ತಪ್ಪುವುದು ಖಂಡಿತ.

ಈಗ 1934ರ ತೀರ್ಪು. ಮೊಕದ್ದಮೆಯ ಹೆಸರು ವಾರ್‌ಶಾವರ್ ವಿರುದ್ಧ ಲಾಯ್ಡ್ ಸಬೌಡೊ. 1931ರಲ್ಲಿ ಇಬ್ಬರು ಒಂದು ಮೋಟಾರು ದೋಣಿಯಲ್ಲಿ ಪೆಟ್ರೋಲೂ ಇಲ್ಲದೆ, ಊಟವೂ ಇಲ್ಲದೆ ತೇಲುತ್ತಿದ್ದರು. ಇಟಲಿಯ ಪ್ರಯಾಣಿಕರ ಹಡಗು ‘ಕೊಂಟೆ ಬಿಯಾಂಕಮಾನೊ’ ಕೂಗಿದರೆ ಕೇಳಿಸುವಷ್ಟು ಹತ್ತಿರ ಬಂದು, ಅವರ ಸಂಕೇತಗಳನ್ನು ಕಂಡೂ ನಿಲ್ಲದೆ ಹೋಯಿತು ಎಂಬುದು ದೂರು. ಆಮೇಲೆ ಕರಾವಳಿ ಕಾವಲು ನೌಕೆಯೊಂದು ಅವರನ್ನು ಎತ್ತಿಕೊಂಡಿತು. ಚಳಿ, ಗಾಳಿ, ಹಸಿವುಗಳಿಂದ ತನ್ನ ದೇಹಕ್ಕಾದ ಹಾನಿಗೆ ಪರಿಹಾರ ಕೊಡಬೇಕೆಂದು ಒಬ್ಬಾತ ಹಡಗಿನ ಮಾಲೀಕ ಕಂಪನಿಯ ಮೇಲೆ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿದ. ಕೆಳಗಿನ ನ್ಯಾಯಾಲಯದಲ್ಲೂ ಎರಡನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತ. ಬ್ರಸೆಲ್ಸ್ ಒಪ್ಪಂದದ 11ನೆಯ ವಿಧಿಯ ಎರಡನೆಯ ಭಾಗವನ್ನು ನ್ಯಾಯಾಲಯ ಎತ್ತಿ ತೋರಿಸಿತು: ಮೊದಲ ಭಾಗದ ಕರ್ತವ್ಯವನ್ನು ಕಪ್ತಾನ ಮೀರಿದರೆ ಅದರ ಹೊಣೆ ಮಾಲೀಕನಿಗೆ ತಗಲುವುದಿಲ್ಲ.

ನಮ್ಮ ಹಿಂದಿನವರ ಓದು ಇಲ್ಲಿಗೆ ಮುಗಿಯುತ್ತದೆ. ‘ಕೊಂಟೆ ಬಿಯಾಂಕಮಾನೊ ದೋಣಿಯನ್ನು ಕಡೆಗಣಿಸಿ ಹೋಯಿತು, ನ್ಯಾಯಾಲಯ ಅದನ್ನು ಒಪ್ಪಿತು, ಹಡಗು ಕಂಪನಿಗಳು 1910ರಲ್ಲೇ ತಮಗೊಂದು ಕಂಡಿ ಕೊರೆದುಕೊಂಡಿದ್ದವು’ ಎಂಬುದು ಅವರ ಸಾರಾಂಶ. ಈ ಮೂರೂ ಮಾತುಗಳಲ್ಲಿ ದೋಷವಿದೆ.

ಹಡಗು ದೋಣಿಯನ್ನು ಕಂಡೂ ಹೋಯಿತು ಎಂಬುದು ಸಾಬೀತಾದ ಸಂಗತಿಯೇ ಅಲ್ಲ. ದೂರಿನಲ್ಲಿ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಮಾಲೀಕನ ಮೇಲೆ ದಾವೆ ನಿಲ್ಲುತ್ತದೆಯೇ ಎಂಬ ಕಾನೂನಿನ ಪ್ರಶ್ನೆಯನ್ನಷ್ಟೇ ನ್ಯಾಯಾಲಯ ತೀರ್ಮಾನಿಸಿತು. ಸಾಕ್ಷಿಗಳ ವಿಚಾರಣೆ ನಡೆಯಲಿಲ್ಲ. ಹಡಗಿನ ಬ್ರಿಡ್ಜ್‌ನಲ್ಲಿ ಆಗ ಯಾರಿದ್ದರು, ಏನು ಕಂಡರು ಎಂಬುದನ್ನು ಯಾರೂ ಪ್ರಮಾಣ ಮಾಡಿ ಹೇಳಲಿಲ್ಲ. (ಆ ಹಡಗಿನ ಮೇಲ್ಭಾಗದ ಒಂದು ತುಂಡನ್ನು ಮಿಲಾನ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿ ಉಳಿಸಿಟ್ಟಿದ್ದಾರೆ. ಅದರ ಮುಂದೆ ನಿಂತು ‘ಇಲ್ಲಿಂದಲೇ ಕಂಡೂ ಕಾಣದಂತೆ ಹೋದರು’ ಎನ್ನುವವರು, ದಾಖಲೆ ಹೇಳದ ಮಾತನ್ನು ಸೇರಿಸುತ್ತಿದ್ದಾರೆ.) ದೂರನ್ನೂ ತೀರ್ಪನ್ನೂ ಒಂದೇ ಎಂದು ಓದುವುದು ವಕೀಲರಿಗೆ ಸಲ್ಲದ ತಪ್ಪು, ಚರಿತ್ರೆ ಬರೆಯುವವರಿಗಂತೂ ಇನ್ನೂ ಸಲ್ಲದು.

ನ್ಯಾಯಾಲಯ ಕಪ್ತಾನನ ನಡತೆಯನ್ನು ಒಪ್ಪಿತು ಎಂಬುದೂ ಸರಿಯಲ್ಲ. ಕಪ್ತಾನ ಅಲ್ಲಿ ಪ್ರತಿವಾದಿಯೇ ಆಗಿರಲಿಲ್ಲ. ಒಪ್ಪಂದವನ್ನು ಜಾರಿಗೆ ತರಲೆಂದು ಅಮೆರಿಕ 1912ರ ಆಗಸ್ಟ್ 1ರಂದು ಮಾಡಿದ ಕಾಯಿದೆಯಲ್ಲಿ ಕಡಲಲ್ಲಿ ಜೀವಾಪಾಯದಲ್ಲಿದ್ದವರಿಗೆ ನೆರವಾಗದ ಕಪ್ತಾನನಿಗೆ 1,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡೂ ಇವೆ. ಆ ಕಾಲಕ್ಕೆ ಇದು ಸಣ್ಣ ಶಿಕ್ಷೆಯಲ್ಲ. ಬ್ರಿಟನ್ನಿನ 1911ರ ಕಾಯಿದೆಯೂ ಅದನ್ನು ಅಪರಾಧವೆಂದೇ ಎಣಿಸಿತು. ಸ್ಟ್ಯಾನ್ಲಿ ಲಾರ್ಡ್ ಮೇಲೆ ಮೊಕದ್ದಮೆ ನಡೆಯಲಿಲ್ಲ ಎಂಬುದು ನಿಜ. ಆದರೆ ಮೊಕದ್ದಮೆ ಹೂಡದಿರುವುದು ಅಧಿಕಾರಿಗಳ ಆಯ್ಕೆ. ಅದರಿಂದ ಕಾನೂನೇ ಟೊಳ್ಳು ಎಂದು ಸಾಧಿಸಲಾಗದು.

ಮೂರನೆಯ ಮಾತು, ಕಂಡಿಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ಅರ್ಥಮಾಡಿಕೊಳ್ಳಲು 1910ಕ್ಕಿಂತ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. ನೆರವಿನ ಕರ್ತವ್ಯದ ಚರಿತ್ರೆಗಳಲ್ಲಿ ಅಪರೂಪಕ್ಕೆ ಕಾಣಿಸುವ, ಸರಕು ಸಾಗಣೆಯ ಪುಸ್ತಕಗಳಲ್ಲಿ ಮಾತ್ರ ಬದುಕಿರುವ ಸ್ಕಾರಮಾಂಗಾ ವಿರುದ್ಧ ಸ್ಟಾಂಪ್ ಮೊಕದ್ದಮೆ ಅಲ್ಲಿದೆ. ಕ್ರೋನ್‌ಸ್ಟಾಟ್‌ನಿಂದ ಜಿಬ್ರಾಲ್ಟರ್‌ಗೆ ಗೋಧಿ ಹೊತ್ತು ಹೊರಟಿದ್ದ ‘ಒಲಿಂಪಿಯಾಸ್’ ದಾರಿಯಲ್ಲಿ ಯಂತ್ರ ಕೆಟ್ಟ ‘ಏರಿಯನ್’ ಹಡಗನ್ನು ಕಂಡಿತು. ಹವೆ ಚೆನ್ನಾಗಿತ್ತು, ಏರಿಯನ್ನಿನ ಜನರನ್ನು ಸುಲಭವಾಗಿ ಇಳಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ, 1,000 ಪೌಂಡ್‌ಗೆ ಮಾತಾಡಿಕೊಂಡು ಹಡಗನ್ನೇ ಟೆಕ್ಸೆಲ್‌ಗೆ ಎಳೆದೊಯ್ಯಲು ಹೊರಟ ಒಲಿಂಪಿಯಾಸ್ ನೆಲ ಹತ್ತಿ ಗೋಧಿಯ ಸಮೇತ ಹಾಳಾಯಿತು. ಸರಕಿನ ನಷ್ಟ ಯಾರದ್ದು? ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಅವರಿದ್ದ ನ್ಯಾಯಪೀಠ 1880ರಲ್ಲಿ ಗೆರೆ ಎಳೆಯಿತು: ಜೀವ ಉಳಿಸಲು ದಾರಿ ಬಿಟ್ಟು ಹೋದರೆ ಅದು ಕರಾರಿನ ಉಲ್ಲಂಘನೆಯಲ್ಲ, ಬರಿಯ ಸ್ವತ್ತನ್ನು ಉಳಿಸಲು ಹೋದರೆ ಉಲ್ಲಂಘನೆ.

ಈ ಗೆರೆಯನ್ನು ಗಮನಿಸಿ. 1880ರಲ್ಲಿ ಕಪ್ತಾನನಿಗೆ ಸಿಕ್ಕದ್ದು ಅನುಮತಿ. ಆಜ್ಞೆ ಇನ್ನೂ ಬಂದಿರಲಿಲ್ಲ. ಅನುಮತಿಯನ್ನು ಬಳಸಬೇಕೆ ಬೇಡವೆ ಎಂದು ಮಾಲೀಕ ತನ್ನ ಕಪ್ತಾನನಿಗೆ ಮೊದಲೇ ಹೇಳಿಟ್ಟಿರಬಹುದಿತ್ತು. ಜೀವ ಉಳಿಸಿದ್ದಕ್ಕೆ ಬದುಕುಳಿದವರಿಂದ ಸಂಭಾವನೆ ಕೇಳುವಂತಿಲ್ಲ (1910ರ ಒಪ್ಪಂದದ 9ನೆಯ ವಿಧಿ ಇದನ್ನೇ ಹೇಳುತ್ತದೆ). ಕಲ್ಲಿದ್ದಲು, ಕಾಲ, ಪ್ರಯಾಣಿಕರ ಸಿಡಿಮಿಡಿ ಎಲ್ಲವೂ ಮಾಲೀಕನ ಲೆಕ್ಕಕ್ಕೆ. ಹೀಗಿರುವಾಗ ಕಪ್ತಾನನ ಕಣ್ಣು ದಿಗಂತದ ಮೇಲೂ ಮನಸ್ಸು ಕಂಪನಿಯ ಕಚೇರಿಯ ಮೇಲೂ ಇರುವುದು ಸಹಜ. 11ನೆಯ ವಿಧಿ ಆ ನಂಟನ್ನು ಕತ್ತರಿಸಿತು. ತನ್ನ ಹಡಗಿಗೆ, ಸಿಬ್ಬಂದಿಗೆ, ಪ್ರಯಾಣಿಕರಿಗೆ ಗಂಭೀರ ಅಪಾಯವಿಲ್ಲದಿದ್ದರೆ, ಕಡಲಲ್ಲಿ ಸಾವಿನ ಬಾಯಲ್ಲಿರುವ ಯಾರಿಗೇ ಆಗಲಿ, ಶತ್ರುವಿಗೂ ಕೂಡ, ಕಪ್ತಾನ ನೆರವಾಗಬೇಕು. ಅಪಾಯವೊಂದೇ ವಿನಾಯಿತಿ. ತಡ ಅಲ್ಲ, ಖರ್ಚು ಅಲ್ಲ, ತಪ್ಪಿಹೋಗುವ ಬಂದರೂ ಅಲ್ಲ. ಕರ್ತವ್ಯ ಕಪ್ತಾನನದು, ಶಿಕ್ಷೆಯೂ ಕಪ್ತಾನನಿಗೆ. ಹಾಗಾಗಿ ‘ಕಂಪನಿ ಬೇಡ ಎಂದಿತು’ ಎಂಬ ಸಬೂಬಿಗೆ ಬೆಲೆಯೇ ಇಲ್ಲದಾಯಿತು. ಎರಡನೆಯ ಭಾಗ ಮಾಲೀಕನನ್ನು ನಷ್ಟದಿಂದ ಉಳಿಸಿತು, ನಿಜ. ಅದರ ಜೊತೆಗೇ ನಿರ್ಧಾರದಿಂದಲೂ ಅವನನ್ನು ಹೊರಗಿಟ್ಟಿತು. ಅದನ್ನು ಕಂಡಿ ಎನ್ನುವವರು ಮೊದಲ ಅರ್ಧವನ್ನಷ್ಟೇ ನೋಡಿದ್ದಾರೆ.

ಮಾಲೀಕರ ಒತ್ತಡದಿಂದಲೇ ಆ ವಾಕ್ಯ ಸೇರಿತು ಎಂದು ವಾದಕ್ಕೆ ಒಪ್ಪಿಕೊಳ್ಳೋಣ. ಆಗಲೂ ಒಂದು ತೊಡಕು ಉಳಿಯುತ್ತದೆ. 1989ರ ಸಾಲ್ವೇಜ್ ಒಪ್ಪಂದದ 10ನೆಯ ವಿಧಿ ಅದೇ ವಿನಾಯಿತಿಯನ್ನು ಮತ್ತೆ ಬರೆದಿದೆ. ಅಷ್ಟು ಹೊತ್ತಿಗೆ ಹಡಗಿನ ಮಾಲೀಕರ ಮೇಲೆ ಹೊಣೆ ಹೇರಲು ರಾಷ್ಟ್ರಗಳು ಹಿಂಜರಿಯುತ್ತಿದ್ದ ಕಾಲ ಕಳೆದಿತ್ತು; ಕಡಲಿಗೆ ತೈಲ ಚೆಲ್ಲಿದರೆ ಮಾಲೀಕನ ತಪ್ಪನ್ನು ಸಾಬೀತು ಮಾಡದೆಯೇ ಅವನಿಂದ ಪರಿಹಾರ ಪಡೆಯುವ ಒಪ್ಪಂದ 1969ರಲ್ಲೇ ಆಗಿತ್ತು. ಬೇಕಿದ್ದರೆ 11ನೆಯ ವಿಧಿಯ ಬಾಲವನ್ನು ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ಕಂಡಿಯ ವಾದಿಗಳು ಇದಕ್ಕೆ ಇಂದಿಗೂ ಉತ್ತರ ಕೊಟ್ಟಿಲ್ಲ.

ಈ ಓದನ್ನು ಇಂದಿನ ಎರಡು ಘಟನೆಗಳ ಮೇಲೆ ಒರೆ ಹಚ್ಚಬಹುದು. 2013ರ ಜನವರಿಯಲ್ಲಿ ಫ್ರಾನ್ಸಿನ ಒಬ್ಬಂಟಿ ನಾವಿಕನ ಹಾಯಿದೋಣಿ ‘ಚೂಕ್ ಚೂಕ್ ನುಗಾ’ ಟಾಸ್ಮೇನಿಯದ ನೈರುತ್ಯಕ್ಕೆ ಸುಮಾರು 500 ನಾಟಿಕಲ್ ಮೈಲಿ ದೂರದಲ್ಲಿ ಬಿರುಗಾಳಿಗೆ ಸಿಕ್ಕು ಕೂವೆಮರ ಕಳೆದುಕೊಂಡಿತು. ಆತ ದೋಣಿ ಬಿಟ್ಟು ರಬ್ಬರ್ ತೆಪ್ಪಕ್ಕಿಳಿದ. ವಿಮಾನಗಳು ಮೇಲಿನಿಂದ ಆಹಾರ, ನೀರು ಎಸೆದವು. ಆಸ್ಟ್ರೇಲಿಯದ ರಕ್ಷಣಾ ಕೇಂದ್ರದ ಕೋರಿಕೆಯ ಮೇಲೆ, ಅಂಟಾರ್ಕ್ಟಿಕಾ ಯಾತ್ರೆಯಲ್ಲಿದ್ದ ‘ಒರಾಯನ್’ ಎಂಬ ಸಣ್ಣ ಕ್ರೂಸ್ ಹಡಗು ನೂರರಷ್ಟು ಪ್ರಯಾಣಿಕರೊಂದಿಗೆ ದಿಕ್ಕು ತಿರುಗಿಸಿತು. ಎರಡು ದಿನಕ್ಕೂ ಹೆಚ್ಚು ಪ್ರಯಾಣ ಮಾಡಿ ಅಲ್ಲಿಗೆ ಮುಟ್ಟಿ, ರಬ್ಬರ್ ದೋಣಿ ಇಳಿಸಿ ಅವನನ್ನು ಎತ್ತಿಕೊಂಡು ಹೋಬಾರ್ಟ್‌ಗೆ ತಂದಿತು. ಆತ ಯಾವ ಸ್ಪರ್ಧೆಯ ಅಧಿಕೃತ ಸ್ಪರ್ಧಿಯೂ ಆಗಿರಲಿಲ್ಲ. ಹಣ ತೆತ್ತು ಬಂದ ಪ್ರಯಾಣಿಕರ ಯಾತ್ರೆ ಕೆಟ್ಟಿತು. ಇವು ಯಾವುವೂ ಗಂಭೀರ ಅಪಾಯವಲ್ಲ. ಆದ್ದರಿಂದ ಯಾವುವೂ ಕಾರಣವಾಗಲಿಲ್ಲ.

2017ರ ಜೂನ್‌ನಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ನಡೆದದ್ದು ಇನ್ನೂ ಬಿಗಿಯಾದ ಪರೀಕ್ಷೆ. ಓಸ್ಟಾರ್ ಎಂಬ ಒಂಟಿ ನಾವಿಕರ ಸ್ಪರ್ಧೆ 1960ರಲ್ಲಿ ಬ್ಲಾಂಡಿ ಹ್ಯಾಸ್ಲರ್ ಅವರ ಹಟದಿಂದ ಶುರುವಾದದ್ದು. ಕಡಲಿಗಿಳಿದವನು ತನ್ನ ಪಾಡು ತಾನು ನೋಡಿಕೊಳ್ಳಬೇಕೆಂಬುದು ಅದರ ಮೊದಲ ತಲೆಮಾರಿನ ನಂಬಿಕೆ. 2017ರಲ್ಲಿ ಬಂದ ಬಿರುಗಾಳಿಗೆ ಹಲವು ದೋಣಿಗಳು ಕೆಟ್ಟವು. ‘ಟ್ಯಾಮರಿಂಡ್’ ದೋಣಿ ಮಗುಚಿ ಎದ್ದಾಗ ಕಿಟಕಿ ಒಡೆದು ನೀರು ನುಗ್ಗಿತು, ಚುಕ್ಕಾಣಿಯ ವ್ಯವಸ್ಥೆ ಕೆಟ್ಟಿತು. ಅದರಲ್ಲಿದ್ದವರು 73 ವರ್ಷದ ಅನುಭವಿ ನಾವಿಕ. ಹ್ಯಾಲಿಫ್ಯಾಕ್ಸ್‌ನ ಕಡೆಗೆ ಹೊರಟಿದ್ದ ‘ಕ್ವೀನ್ ಮೇರಿ 2’, 345 ಮೀಟರ್ ಉದ್ದದ ಹಡಗು, ದೋಣಿಗೆ ಗಾಳಿಮರೆಯಾಗಿ ನಿಂತು ಅವರನ್ನು ಹತ್ತಿಸಿಕೊಂಡಿತು. ಹೊರಡುವ ಮುನ್ನ ಅವರು ತಳದ ಕವಾಟಗಳನ್ನು ತೆರೆದು ತಮ್ಮ ದೋಣಿಯನ್ನು ತಾವೇ ಮುಳುಗಿಸಿದರು. ತೇಲುತ್ತ ಉಳಿದರೆ ಬೇರೆ ಹಡಗುಗಳಿಗೆ ಅಪಾಯ. ಇಲ್ಲಿ ಉಳಿಸಿಕೊಂಡದ್ದು ಜೀವವೊಂದನ್ನೇ, ಸ್ವತ್ತನ್ನಲ್ಲ. 1880ರ ಗೆರೆ ಇಲ್ಲಿಯೂ ಸ್ವಚ್ಛವಾಗಿ ಕಾಣುತ್ತದೆ. ಸ್ಪರ್ಧೆ ಹುಟ್ಟುಹಾಕಿದವರ ನಂಬಿಕೆ ಏನೇ ಇರಲಿ, ವಿಧಿಯು ಜೀವಾಪಾಯದಲ್ಲಿರುವವನು ಅಲ್ಲಿಗೆ ಯಾಕೆ ಬಂದ ಎಂದು ವಿಚಾರಿಸುವುದಿಲ್ಲ. ಅಂಥ ದೊಡ್ಡ ಹಡಗನ್ನು ಆ ಅಲೆಗಳಲ್ಲಿ ಒಂದು ಸಣ್ಣ ದೋಣಿಯ ಪಕ್ಕಕ್ಕೆ ತರುವುದು ಎಂಥ ಕುಶಲತೆ ಎಂಬುದನ್ನು ಬಲ್ಲವರು, ಇದನ್ನು ಪ್ರಚಾರದ ಕೆಲಸ ಎನ್ನಲಾರರು.

ಈ ಎರಡೂ ಘಟನೆಗಳಲ್ಲಿ ಕಪ್ತಾನ ಒಬ್ಬನೇ ಎಲ್ಲವನ್ನೂ ಮಾಡಿದ ಎಂದು ನಾನು ವಾದಿಸುತ್ತಿಲ್ಲ. ಕರೆಯನ್ನು ಹಂಚಿದ್ದು ದಡದ ರಕ್ಷಣಾ ಕೇಂದ್ರಗಳು. ನನ್ನ ವಾದ ಇಷ್ಟೇ: ಕೇಂದ್ರದ ಕೋರಿಕೆ ಬ್ರಿಡ್ಜ್‌ಗೆ ಬಂದಾಗ ಕಂಪನಿಯ ಕಚೇರಿಯನ್ನು ಕೇಳಿ ಉತ್ತರಿಸಬೇಕಾದ ಅಗತ್ಯ ಕಾನೂನಿನಲ್ಲಿಲ್ಲ, ಮತ್ತು ಆ ಸ್ವಾತಂತ್ರ್ಯದ ಬೇರು 1910ರಲ್ಲಿದೆ. ಇಂದಿನ ಸೋಲಾಸ್‌ನ 5ನೆಯ ಅಧ್ಯಾಯ ಇದನ್ನು ಬಿಡಿಸಿ ಹೇಳುತ್ತದೆ: ಜೀವರಕ್ಷಣೆಗೆ ಅಗತ್ಯವೆಂದು ಕಪ್ತಾನ ಕೈಗೊಂಡ ನಿರ್ಧಾರವನ್ನು ಮಾಲೀಕನಾಗಲಿ ಕಂಪನಿಯಾಗಲಿ ತಡೆಯುವಂತಿಲ್ಲ. ಭಾರತದ 1958ರ ವಾಣಿಜ್ಯ ನೌಕಾ ಕಾಯಿದೆಯ 355ನೆಯ ಕಲಮೂ ಕರ್ತವ್ಯವನ್ನು ಭಾರತೀಯ ಹಡಗಿನ ಕಪ್ತಾನನ ಮೇಲೆಯೇ ಇಟ್ಟಿತು. ಹೋಗಲಾಗದಿದ್ದರೆ ಕಾರಣವನ್ನು ಲಾಗ್ ಪುಸ್ತಕದಲ್ಲಿ ಬರೆಸಬೇಕೆಂದಿತು.

ನನ್ನ ಓದಿಗೂ ಒಂದು ಮಿತಿ ಇದೆ, ಅದನ್ನು ಎದುರಾಳಿಗಳು ಹಿಡಿಯುವ ಮೊದಲು ನಾನೇ ಹೇಳುತ್ತೇನೆ. 2012ರ ಮಾರ್ಚ್‌ನಲ್ಲಿ ‘ಸ್ಟಾರ್ ಪ್ರಿನ್ಸೆಸ್’ ಎಂಬ ಕ್ರೂಸ್ ಹಡಗಿನಲ್ಲಿ ಹಕ್ಕಿ ನೋಡುತ್ತಿದ್ದ ಪ್ರಯಾಣಿಕರು ದೂರದಲ್ಲಿ ಕೈಬೀಸುತ್ತಿದ್ದವರಿದ್ದ ದೋಣಿಯೊಂದನ್ನು ಕಂಡು ಸಿಬ್ಬಂದಿಗೆ ತಿಳಿಸಿದರು. ಹಡಗು ನಿಲ್ಲಲಿಲ್ಲ. ಪನಾಮಾದಿಂದ ಹೊರಟು ಯಂತ್ರ ಕೆಟ್ಟು ತೇಲುತ್ತಿದ್ದ ಮೀನುದೋಣಿಯೊಂದರ ಮೂವರಲ್ಲಿ ಇಬ್ಬರು ಸತ್ತು, ಒಬ್ಬ ಗಲಾಪಗೋಸ್ ಬಳಿ ಉಳಿದು ಸಿಕ್ಕ. ಸುದ್ದಿ ಕಪ್ತಾನನವರೆಗೆ ಮುಟ್ಟಲಿಲ್ಲವೆಂದು ಕಂಪನಿ ಮೊದಲು ಹೇಳಿತು. ಪ್ರಯಾಣಿಕರು ಕಂಡ ದೋಣಿ ಅದಲ್ಲವೆಂದು ಆಮೇಲೆ ವಾದಿಸಿತು. ವಾರ್‌ಶಾವರ್ ಮೊಕದ್ದಮೆಯ ಬಗ್ಗೆ ನಾನು ಹೇಳಿದ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಎರಡೂ ದೋಣಿಗಳು ಒಂದೇ ಎಂದು ನಾನು ಬರೆಯುವುದಿಲ್ಲ. ಆದರೆ ಘಟನೆ ಎತ್ತಿದ ಪ್ರಶ್ನೆ ನಿಜವಾದದ್ದು. 11ನೆಯ ವಿಧಿ ಕಪ್ತಾನನಿಗೆ ತಿಳಿದದ್ದರ ಮೇಲೆ ನಿಂತಿದೆ. ಸಾವಿರಾರು ಜನರ ಹಡಗಿನಲ್ಲಿ ಡೆಕ್ಕಿನ ಮೇಲಿನ ಮಾತು ಬ್ರಿಡ್ಜ್‌ಗೆ ಮುಟ್ಟುವ ದಾರಿಯನ್ನು ಕಟ್ಟುವುದು ಕಪ್ತಾನನಿಗಿಂತ ಹೆಚ್ಚಾಗಿ ಕಂಪನಿಯ ಕೆಲಸ. ಪ್ರಯಾಣಿಕರ ಹಡಗುಗಳಿಗೆ 1998ರ ಜುಲೈ 1ರಿಂದ ಕಡ್ಡಾಯವಾದ ಐಎಸ್‌ಎಂ (ಸುರಕ್ಷತಾ ನಿರ್ವಹಣೆಯ) ಸಂಹಿತೆ, ಸುರಕ್ಷತೆಯ ವಿಷಯದಲ್ಲಿ ಕಪ್ತಾನನ ಮಾತೇ ಅಂತಿಮ ಎಂದು ಕಂಪನಿ ಬರೆದಿಡಬೇಕೆನ್ನುತ್ತದೆ. ಸುರಕ್ಷತೆಯ ವ್ಯವಸ್ಥೆಯನ್ನು ಕಟ್ಟಿ ನಡೆಸುವ ಹೊಣೆಯನ್ನೂ ಕಂಪನಿಗೇ ಹೊರಿಸುತ್ತದೆ. ಮಾಲೀಕನ ಮೇಲೆ ದೂರಿದ್ದರೆ ಈ ಸಂಹಿತೆಯ ಅಡಿಯಲ್ಲಿ ಹೂಡಬೇಕು, 1910ರ ವಾಕ್ಯದ ಮೇಲಲ್ಲ.