ಪುರಂದರ ಮಂಟಪ, ಹಂಪಿ

ತುಂಗಭದ್ರೆಯ ದಡದ ಈ ಕಲ್ಲುಮಂಟಪದಲ್ಲಿ ಕುಳಿತು ಪುರಂದರದಾಸರು ಕೀರ್ತನೆಗಳನ್ನು ಹಾಡಿದರೆಂಬುದು ಪ್ರತೀತಿ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮಂಟಪ ಮುಳುಗುತ್ತದೆ.

ದಾಸರ ಪೂರ್ವದ ಹೆಸರು ಶ್ರೀನಿವಾಸ ನಾಯಕ. ಚಿನಿವಾರಿಕೆ, ಲೇವಾದೇವಿಯಿಂದ ‘ನವಕೋಟಿ ನಾರಾಯಣ’ ಎನಿಸಿದರೂ ಕಡು ಜಿಪುಣ. ಸಂಪ್ರದಾಯದ ಕಥೆಯಂತೆ, ಬಡ ಬ್ರಾಹ್ಮಣನ ವೇಷದ ವಿಠಲ ಮಗನ ಉಪನಯನಕ್ಕೆ ನೆರವು ಕೇಳುತ್ತಾ ಅವನ ಅಂಗಡಿಗೆ ದಿನವೂ ಅಲೆದ. ಕಾಸು ಹುಟ್ಟಲಿಲ್ಲ. ಕನಿಕರಗೊಂಡ ನಾಯಕನ ಮಡದಿ ಸರಸ್ವತಿಬಾಯಿ ತನ್ನ ಮೂಗುತಿಯನ್ನೇ ಬಿಚ್ಚಿ ಕೊಟ್ಟಳು. ಬ್ರಾಹ್ಮಣ ಅದನ್ನು ತಂದದ್ದು ನಾಯಕನ ಅಂಗಡಿಗೇ! ಗುರುತು ಹಿಡಿದ ನಾಯಕ ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಧಾವಿಸಿದ. ಗಂಡನಿಗೆ ಹೆದರಿ ವಿಷ ಕುಡಿಯಹೊರಟ ಸರಸ್ವತಿಯ ಬಟ್ಟಲಲ್ಲಿ ಮೂಗುತಿ ಸಿಕ್ಕಿತು. ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ಕೊಡುಗೈ ದಾನಿಗಳಿದ್ದ ಊರಲ್ಲಿ ದೇವರು ಒಬ್ಬ ಲೋಭಿಯ ಬೆನ್ನು ಹತ್ತಿದ್ದು, ಅವನಿಗೆ ಚೆನ್ನಾಗಿ ತಿಳಿದಿದ್ದ ಒಡವೆಯ ವ್ಯವಹಾರದಿಂದಲೇ ಅವನ ಕಣ್ಣು ತೆರೆಸಿದ್ದು ಈ ಕಥೆಯ ತಿರುಳು.

ನಾಯಕ ಸರ್ವಸ್ವವನ್ನೂ ದಾನಮಾಡಿ ವ್ಯಾಸರಾಯರಿಂದ ದಾಸದೀಕ್ಷೆ ಪಡೆದ. ‘ಪುರಂದರ ವಿಠಲ’ ಅಂಕಿತದಲ್ಲಿ ಅಸಂಖ್ಯ ಪದಗಳು ಹುಟ್ಟಿದವು. ಎಳೆಯರು ಇಂದಿಗೂ ಮಾಯಾಮಾಳವಗೌಳ ರಾಗದಲ್ಲಿ ಸಂಗೀತಪಾಠ ಆರಂಭಿಸುವ ಪದ್ಧತಿಯನ್ನು ಹಾಕಿಕೊಟ್ಟವರು ಈ ದಾಸರೇ ಎನ್ನಲಾಗುತ್ತದೆ. ಅವರು ತೀರಿಕೊಂಡದ್ದು 1564ರಲ್ಲಿ. ಪುಷ್ಯ ಮಾಸದ ಅಮಾವಾಸ್ಯೆಯಂದು ಅವರ ಆರಾಧನೆ ನಡೆಯುತ್ತದೆ.