ಸೀಗೆಪುಡಿಯಿಂದ ಪ್ಯಾಕೆಟ್ ಶಾಂಪೂವರೆಗೆ: ಸಣ್ಣ ಎಳೆ ಕೂದಲಿನ ಕತೆ

ನಮ್ಮ ವೈಟ್‌ಫೀಲ್ಡ್ ಕಡೆ ನಾಲ್ಕು ಜನ ಹೆಂಗಸರು ಸೇರಿದ್ರೆ ಮಾತು ಸುತ್ತಿ ಬಳಸಿ ಕೂದಲಿಗೇ ಬಂದು ನಿಲ್ಲುತ್ತೆ. "ಈ ಬೋರ್‌ವೆಲ್ ನೀರಿಗೆ ಜಡೆ ಇಲಿಬಾಲ ಆಗೋಯ್ತು ಕಣ್ರೀ" ಅಂತ ಒಬ್ರು, "ಐನೂರು ರೂಪಾಯಿ ಶಾಂಪೂ ತಂದ್ರೂ ಅಷ್ಟೇ" ಅಂತ ಇನ್ನೊಬ್ರು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗೋ ಹೆಣ್ಮಕ್ಕಳೂ ಸಂಬಳ ಬಂದ ದಿನ ದೊಡ್ಡ ಬಾಟ್ಲಿಗೆ ದುಡ್ಡು ಸುರೀತಾರೆ. ಅದಕ್ಕೇ ತಲೆ ತೊಳೆಯೋದರ ಹಿಂದಿನ ಕತೇನ ಈ ಸಲ ಬರೀತಿದೀನಿ. ಕತೆ ಗೊತ್ತಾದ್ರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅನ್ನೋದೂ ಗೊತ್ತಾಗುತ್ತೆ.

ಮೊದಲು ಒಂದು ಮಾತು. ಕೂದಲು ಕಮ್ಮಿ ಇರೋದು ಬೇರೆ, ಎಳೆ ಸಣ್ಣ ಇರೋದು ಬೇರೆ. ಒಂದು ಎಳೆ ತಗೊಂಡು ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ ನೋಡಿ. ದಾರದ ಥರ ಕೈಗೆ ಸಿಕ್ಕಿದ್ರೆ ದಪ್ಪ ಎಳೆ. ಇದೆಯೋ ಇಲ್ವೋ ಅನ್ನಿಸಿದ್ರೆ ಸಣ್ಣ ಎಳೆ. ಇಂಥ ಕೂದಲು ಬೇಗ ಜಿಡ್ಡಾಗುತ್ತೆ, ಸ್ವಲ್ಪ ಭಾರ ಬಿದ್ರೂ ನೆತ್ತಿಗೆ ಅಂಟಿಕೊಳ್ಳುತ್ತೆ.

ನಮ್ಮ ಅಜ್ಜಿ ಕಾಲದಲ್ಲಿ ನೀರು ತುಂಬೋ ಹಬ್ಬ ಬಂದ್ರೆ ಹಂಡೆ ನೀರು, ಹರಳೆಣ್ಣೆ, ಸೀಗೆಪುಡಿ. ಸೀಗೇಕಾಯಿ, ಅಂಟುವಾಳ ಎರಡರಲ್ಲೂ ಸಪೋನಿನ್ ಅನ್ನೋ ಅಂಶ ಇದೆ. ನೊರೆ ಬರಿಸೋದು, ಜಿಡ್ಡು ಬಿಡಿಸೋದು ಅದೇ. ಸೀಗೆ ಜೊತೆಗೆ ಚಿಗರೆಪುಡಿ ಬೆರೆಸಿದ್ರೆ ಕೂದಲು ನಯವಾಗ್ತಿತ್ತು. ದಾಸವಾಳದ ಎಲೆ ಕಿವುಚಿದ ಲೋಳೆ, ನೆನೆಸಿ ರುಬ್ಬಿದ ಮೆಂತ್ಯ, ಇವೇ ಅವತ್ತಿನ ಕಂಡೀಷನರ್. ಹೆಸರಷ್ಟೇ ಹೊಸದು.

ಆಮೇಲೆ ಬಾರ್ ಸೋಪು ಬಂತು. ಮೈಗೆ ಹಾಕೋ ಸೋಪನ್ನೇ ತಲೆಗೂ ಉಜ್ಜೋದು ಶುರುವಾಯ್ತು. ತೊಂದರೆ ಆಗಿದ್ದು ಅಲ್ಲೇ. ಗಡಸು ನೀರಲ್ಲಿರೋ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳೀ ಕೆನೆ ಥರ ಗಷ್ಟು ಆಗುತ್ತೆ. ಬಕೆಟ್ ಅಂಚಲ್ಲಿ ಕೂರುತ್ತಲ್ಲ, ಅದೇ ತಲೇಲೂ ಕೂರುತ್ತೆ. ದಪ್ಪ ಎಳೆಯವರು ಹೇಗೋ ತಡ್ಕೋತಾರೆ. ಸಣ್ಣ ಎಳೆಗೆ ಆ ಗಷ್ಟೇ ಹೊರೆ.

ಶಾಂಪೂ ಅನ್ನೋ ಮಾತು ಹುಟ್ಟಿದ್ದು ನಮ್ಮ ದೇಶದಲ್ಲೇ. ಹಿಂದಿಯ ಚಾಂಪೋ, ಚಂಪಿ, ಅಂದ್ರೆ ಒತ್ತೋದು, ನೀವೋದು. ಪಾಟ್ನಾದ ಶೇಖ್ ದೀನ್ ಮಹಮ್ಮದ್ ಅನ್ನೋರು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಲ್ಲಿ ಸ್ನಾನದ ಮನೆ ತೆರೆದು ಈ ಮಾಲೀಷನ್ನ ಅಲ್ಲಿನ ರಾಜಮನೆತನದವರಿಗೂ ಮಾಡಿದ್ರು. ಅಲ್ಲಿಂದ ಆ ಮಾತು ತಲೆ ತೊಳೆಯೋದಕ್ಕೆ ಅಂಟಿಕೊಳ್ತು. ಸೋಪಲ್ಲದ ಶಾಂಪೂ, ಗಡಸು ನೀರಲ್ಲೂ ಗಷ್ಟು ಕಟ್ಟದೇ ಇರೋದು, ಅಮೆರಿಕದಲ್ಲಿ ಬಂದಿದ್ದು 1930ರ ದಶಕದಲ್ಲಿ. ನಮ್ಮ ದೇಶಕ್ಕೆ ಸನ್‌ಸಿಲ್ಕ್ ಬಂದಿದ್ದು 1964ರಲ್ಲಿ. ಆದ್ರೆ ಅದು ಬಾಟ್ಲಿ. ದಿನಗೂಲಿ ಮನೇಲಿ ಬಾಟ್ಲಿ ಶಾಂಪೂ ಯಾರು ತರ್ತಾರೆ ಹೇಳಿ?

ಈ ಲೆಕ್ಕ ತಲೆಕೆಳಗು ಮಾಡಿದ್ದು ಪಕ್ಕದ ತಮಿಳುನಾಡಿನ ಕಡಲೂರು. ಅಲ್ಲಿನ ಚಿನ್ನಿಕೃಷ್ಣನ್ ಅನ್ನೋರು ದೊಡ್ಡ ಡಬ್ಬಿ ಸಾಮಾನನ್ನೇ ಸಣ್ಣ ಪ್ಯಾಕೆಟ್ಟಲ್ಲಿ ಕೊಟ್ರೆ ಕೂಲಿಯವರೂ ಕೊಳ್ಳಬಹುದು ಅಂತ ಕಂಡುಕೊಂಡ್ರು. ಅವರ ಮನೆಯವರು ವೆಲ್ವೆಟ್ ಶಾಂಪೂ ಪ್ಯಾಕೆಟ್ ತಂದ್ರು. 1983ರಲ್ಲಿ ಮಗ ಸಿ.ಕೆ. ರಂಗನಾಥನ್ 15,000 ರೂಪಾಯಿ ಹಿಡ್ಕೊಂಡು ಬೇರೆ ಬಂದು ಚಿಕ್ ಶುರು ಮಾಡಿದ್ರು. ಅಪ್ಪನ ಹೆಸರಿಂದಲೇ ಆ ಹೆಸರು. ಖಾಲಿ ಪ್ಯಾಕೆಟ್ ವಾಪಸ್ ಕೊಟ್ರೆ ಹೊಸದು ಪುಕ್ಕಟೆ ಅಂದ್ರು, ಆಮೇಲೆ ಐವತ್ತು ಪೈಸೆಗೂ ಮಾರಿದ್ರು. ದೊಡ್ಡ ಕಂಪ್ನಿಗಳೂ ಅದೇ ದಾರಿಗೆ ಬಂದ್ವು. ಈಗ ನಮ್ಮ ಬೀದಿ ಅಂಗಡೀಲಿ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಪ್ಯಾಕೆಟ್ ಸಾಲು ನೇತಾಡ್ತಿರುತ್ತೆ. ಹೆಂಗಸೊಬ್ಬಳು ಯಾರನ್ನೂ ಕೇಳದೆ ತನ್ನ ಚಿಲ್ಲರೆ ದುಡ್ಡಲ್ಲಿ ತನ್ನ ತಲೆಗೆ ಬೇಕಾದ್ದು ಕೊಳ್ಳೋ ಹಾಗಾಗಿದ್ದು ಸಣ್ಣ ವಿಷಯ ಅಲ್ಲ.

ಆ ಪ್ಯಾಕೆಟ್ಟಿಂದ ಇನ್ನೊಂದು ಉಪಕಾರಾನೂ ಆಯ್ತು, ಅಳತೆ ಸಿಕ್ತು. ಒಂದು ತಲೆಗೆ ಅಷ್ಟೇ ಸಾಕು. ಬಾಟ್ಲಿ ಬಗ್ಗಿಸಿದ್ರೆ ಅಂಗೈ ತುಂಬ ಬೀಳುತ್ತೆ. 2015ರಲ್ಲಿ ವರ್ತೂರು ಕೆರೆ ನೊರೆ ಉಕ್ಕಿ ರಸ್ತೆಗೇ ಬಂದಿದ್ದು ನೆನಪಿದೆಯಲ್ಲ? ಮನೆ ಮನೆ ಸೋಪಿನ ನೀರು ಶುದ್ಧ ಆಗದೇ ಕೆರೆಗೆ ಹೋಗಿದ್ದೂ ಅದಕ್ಕೊಂದು ಕಾರಣ. ಖಾಲಿ ಪ್ಯಾಕೆಟ್ ಮೋರಿಗೆ ಬಿದ್ರೆ ಅದೂ ಕಟ್ಕೊಳ್ಳುತ್ತೆ, ಒಣ ಕಸಕ್ಕೆ ಹಾಕಿ.

ಇನ್ನು ನೀರಿನ ಮಾತು. ನಮ್ಮ ಊರುಗಳು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳ ಲೆಕ್ಕದವು. ಬೋರ್‌ವೆಲ್, ಟ್ಯಾಂಕರ್ ಇವೇ ಗತಿ ಆಗಿತ್ತು. ದಿನಕ್ಕೆ 77.5 ಕೋಟಿ ಲೀಟರ್ ತರೋ ಕಾವೇರಿ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಇನ್ನೂ ಬೋರ್ ನೀರೇ ಬರೋ ಮನೆಯವರು ಕೊನೇ ಒಂದು ಚೊಂಬು ಕಾವೇರಿ ನೀರೋ, ಮಳೆ ನೀರೋ, ಕುಡಿಯೋ ನೀರೋ ಹಾಕ್ಕೊಳ್ಳಿ. ಕುದಿಸಿ ಆರಿಸಿದ್ರೂ ಸ್ವಲ್ಪ ಗಡಸು ತಳಕ್ಕೆ ಕೂರುತ್ತೆ. ಹಂಡೆ ಒಳಗೆ ಬಿಳೀ ಪೊರೆ ಕಟ್ಟುತ್ತಿತ್ತಲ್ಲ, ಅದು ಹಾಗೆ ಕೂತಿದ್ದೇ.

ಸಣ್ಣ ಎಳೆಯವರು ಶಾಂಪೂ ಆರಿಸುವಾಗ ವಾಲ್ಯೂಮ್ ಅಂತಲೋ, ಸಾದಾ ಅಂತಲೋ ಇರೋದು ತಗೊಳ್ಳಿ. ತುಂಬಾ ನುಣುಪು, ರಿಪೇರಿ ಅಂತ ಬರೆದಿದ್ರೆ ಹಿಂದೆ ತಿರುಗಿಸಿ ಓದಿ. ಡೈಮೆಥಿಕೋನ್ ಮೊದಮೊದಲೇ ಇದ್ರೆ ಅದು ಎಳೆ ಮೇಲೆ ಪದರ ಕಟ್ಟುತ್ತೆ, ಕೂದಲು ಚಪ್ಪಟೆ ಕೂರುತ್ತೆ. ಶಾಂಪೂ ಬುಡಕ್ಕೆ, ಕಂಡೀಷನರ್ ಕಿವಿಯಿಂದ ಕೆಳಗೆ ತುದಿಗೆ ಮಾತ್ರ, ಕಡ್ಲೆಕಾಯಿ ಬೀಜದಷ್ಟು. ಮೊದಲು ಪ್ಯಾಕೆಟ್ ತಂದು ಮೂರ್ನಾಲ್ಕು ಸಲ ನೋಡಿ, ಒಗ್ಗಿದ್ರೆ ಆಮೇಲೆ ಬಾಟ್ಲಿ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೇ ರೇಟು ಹೇಳಿದ್ರೆ ಕೇಳಿ.

ಎಷ್ಟು ದುಡ್ಡು ಕೊಟ್ರೂ ಶಾಂಪೂ ಎಳೆ ದಪ್ಪ ಮಾಡಲ್ಲ, ಉದುರಿದ ಕೂದಲು ಹುಟ್ಟಿಸಲ್ಲ. ಅದರ ಕೆಲಸ ಕೊಳೆ ತೆಗೆಯೋದು. ಬಾಚಣಿಗೆ ತುಂಬ ಕೂದಲು ಬರ್ತಿದ್ರೆ, ಸುಸ್ತೂ ಇದ್ರೆ, ಅಂಗಡಿಗೆ ಹೋಗ್ಬೇಡಿ, ಡಾಕ್ಟ್ರ ಹತ್ರ ಹೋಗಿ ರಕ್ತ, ಥೈರಾಯ್ಡ್ ನೋಡಿಸಿ. ಸಣ್ಣ ಕೂದಲು ರೋಗ ಅಲ್ಲ, ಅದು ನಮ್ಮ ಅಪ್ಪ ಅಮ್ಮ ಕೊಟ್ಟಿದ್ದು. ಬಾಟ್ಲಿ ದುಡ್ಡು ಉಳಿದ್ರೆ ವಾರಕ್ಕೆರಡು ಕಟ್ಟು ನುಗ್ಗೆ ಸೊಪ್ಪು ಹೆಚ್ಚಿಗೆ ತನ್ನಿ, ಮನೆಮಂದಿಗೆಲ್ಲಾ ಆಗುತ್ತೆ.